ಬಿದ್ದದ್ದನ್ನು ಎತ್ತುವ ಪಾಠ

ತರಬೇತಿ ಕೇಂದ್ರದ ಆಸ್ಪತ್ರೆ,
ಎರಡನೇ ವಾರ್ಡು, ಕಿಟಕಿ ಪಕ್ಕದ ಮಂಚ
ಭಾನುವಾರ ಮಧ್ಯಾಹ್ನ, ತಾರೀಕು ಹದಿನಾರು

ನನ್ನ ದೊಡ್ಡೋನಿಗೆ,

ಅಪ್ಪನ ಆಶೀರ್ವಾದ. ನೀವೆಲ್ಲ ಹೇಗಿದ್ದೀರಿ? ಅಜ್ಜಿಯ ಮಂಡಿನೋವು ಹೇಗಿದೆ? ಮಾತ್ರೆಗಳನ್ನು ನುಂಗುತ್ತಾಳೋ, ಇಲ್ಲ ಮೊದಲಿನ ಹಾಗೆ ದಿಂಬಿನ ಕೆಳಗೆ ಬಚ್ಚಿಟ್ಟು ನುಂಗಿದೆ ಅಂತ ಸುಳ್ಳು ಹೇಳುತ್ತಾಳೋ, ಸ್ವಲ್ಪ ನೋಡು. ಪುಟ್ಟಿ ಸೈಕಲ್ಲು ಕಲಿತಳಂತೆ, ಕಲಿಸಿದವನು ನೀನಂತೆ. ಕಲಿಸುವಾಗ ತಂಗಿಯ ಮೇಲೆ ಒಂದು ಸಲವೂ ಕೂಗಾಡಲಿಲ್ಲ ಅಂತ ನಿನ್ನಮ್ಮ ಬರೆದಿದ್ದಾಳೆ. ಆ ಗುಣ ನನ್ನ ಕಡೆಯಿಂದ ಬಂದದ್ದಲ್ಲ. ನನ್ನ ಬಗ್ಗೆ ಗಾಬರಿ ಬೇಡ ಅಂತ ಅವಳಿಗೆ ಹೇಳು. ಎಡಗಾಲಿನ ಮೀನಖಂಡದಿಂದ ಏಳು ಚೂರು ತೆಗೆದರು. ಡಾಕ್ಟರು ಅವನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿ ತೋರಿಸಿದರು, ಅಕ್ಕಿಯಿಂದ ಆರಿಸಿದ ಕಲ್ಲಿನ ಹಾಗಿದ್ದವು. ಎಂಟನೆಯದು ಮೂಳೆಗೆ ಅಂಟಿಕೊಂಡಿದೆ, ಅದನ್ನು ಕೆಣಕುವುದು ಬೇಡ, ಬಾಡಿಗೆಗೆ ಇದ್ದವನ ಹಾಗೆ ಅದರ ಪಾಡಿಗೆ ಅದು ಇರಲಿ ಅಂದರು. ನಡೆಯುತ್ತೇನೆ. ಓಡುವ ವಿಷಯ ಗೊತ್ತಿಲ್ಲ.

ನಿನ್ನ ಕಾಗದ ಗುರುವಾರ ಬಂತು, ಜೊತೆಗೆ ಸೈನ್ಯ ಸೇರುವ ಅರ್ಜಿಯೂ ಬಂತು. ತಂದೆಯ ಸಹಿ ಅನ್ನುವ ಕಡೆ ಪೆನ್ಸಿಲ್ಲಿನಲ್ಲಿ ಇಂಟು ಗುರುತು ಹಾಕಿ ಕಳಿಸಿದ್ದೀಯ, ಅಪ್ಪನಿಗೆ ವಯಸ್ಸಾಯಿತು, ಜಾಗ ಕಾಣದೆ ಹೋದೀತು ಅಂತ. ಕಂಡಿತು ಮಹಾರಾಯ. ನಿನಗೆ ಹದಿನೆಂಟು ತುಂಬಲು ಇನ್ನೂ ಐದು ತಿಂಗಳಿದೆ. ಅಲ್ಲಿಯವರೆಗೆ ನನ್ನ ಸಹಿ ಇಲ್ಲದೆ ನಿನ್ನನ್ನು ಗೇಟಿನೊಳಗೆ ಬಿಡುವುದಿಲ್ಲ, ಅರ್ಜಿಗೆ ಈ ತಿಂಗಳ ಮೂವತ್ತೇ ಕೊನೆಯ ದಿನ. ನಮ್ಮ ಸಾಹೇಬರು ಮನೆಗೆ ಬರೆದ ಪತ್ರವನ್ನು ನಿನ್ನಮ್ಮ ಬೀದಿಯವರನ್ನೆಲ್ಲ ಕೂರಿಸಿಕೊಂಡು ಓದಿದಳಂತೆ. ಒಬ್ಬ ಹೊಸ ಸಿಪಾಯಿಯನ್ನು ಉಳಿಸಲು ಹೋಗಿ ನಿಮ್ಮ ಯಜಮಾನರು ಗಾಯಗೊಂಡರು ಅಂತ ಅದರಲ್ಲಿತ್ತಂತೆ. ಅದನ್ನು ಕೇಳಿಯೇ ನೀನು ಅರ್ಜಿ ತಂದದ್ದು. ಅಪ್ಪನ ಹಾಗೆ ಆಗಬೇಕು, ಬೇರೆಯವರ ಜೀವಕ್ಕೆ ಅಡ್ಡ ನಿಲ್ಲುವ ಮನುಷ್ಯನಾಗಬೇಕು ಅಂತ ಬರೆದಿದ್ದೀಯ. ಮಗನೇ, ಆ ಸಾಲನ್ನು ನಾಲ್ಕು ದಿನದಿಂದ ಓದುತ್ತಿದ್ದೇನೆ, ಓದಿದಷ್ಟು ಸಲವೂ ಕಾಗದ ಮಡಚಿ ದಿಂಬಿನ ಕೆಳಗೆ ಇಡುತ್ತೇನೆ. ಹನ್ನೊಂದು ವರ್ಷದಿಂದ ಇಲ್ಲಿಂದ ಪ್ರತಿ ಸಲವೂ ನಾಲ್ಕೇ ಸಾಲು ಬರೆದು ಕಳಿಸಿದ್ದೇನೆ, ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಅಂತ. ಇವತ್ತಿನದು ಉದ್ದ ಆಗುತ್ತದೆ. ಕೂತು ಓದು, ಒಬ್ಬನೇ ಓದು, ಬೀದಿಗೆ ಬೇಡ.

ಅಪ್ಪನ ಕೆಲಸ ಏನು ಅಂತ ನಿನಗೆ ನಿಜವಾಗಿ ಗೊತ್ತಿಲ್ಲ. ಉಸ್ತಾದ ಅಂದರೆ ಕವಾಯತು ಕಲಿಸುವವನು, ಸೀಟಿ ಊದುವವನು ಅಂದುಕೊಂಡಿದ್ದೀಯ. ಈ ಸಲದ ತಂಡ ಬಂದ ದಿನದಿಂದಲೇ ಹೇಳುತ್ತೇನೆ. ಬಸ್ಸಿನಿಂದ ನಲವತ್ತು ಹುಡುಗರು ಇಳಿದರು, ಎಲ್ಲರದ್ದೂ ನಿನ್ನದೇ ವಯಸ್ಸು, ಒಂದೆರಡು ವರ್ಷ ಆಚೆ ಈಚೆ. ಒಬ್ಬ ಇನ್ನೂ ಬಾಗಿಲಲ್ಲಿ ನಿಂತು ಬ್ಯಾಗು ಹುಡುಕುತ್ತಿದ್ದ. ಅವನ ಕೆನ್ನೆಗೆ ಒಂದು ಬಿಗಿದೆ. ಕೋಪ ಬಂದು ಹೊಡೆದದ್ದಲ್ಲ, ಪ್ರತಿ ತಂಡದಲ್ಲೂ ಬಸ್ಸಿಂದ ಕೊನೆಗೆ ಇಳಿಯುವವನಿಗೆ ಅದು ಮೀಸಲು. ಉಳಿದ ಮೂವತ್ತೊಂಬತ್ತು ಜನ ನೆಟ್ಟಗಾಗುತ್ತಾರೆ. ಅರ್ಧ ಗಂಟೆಯಲ್ಲಿ ತಲೆ ಬೋಳಿಸಿ, ಬಟ್ಟೆ ಬಿಚ್ಚಿಸಿ, ಹೆಸರು ಕಿತ್ತುಕೊಂಡು ನಂಬರು ಕೊಡುತ್ತೇವೆ. ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸುತ್ತೇವೆ. ನೀನು ಎಂಟಕ್ಕೆ ಮೊದಲು ಕಣ್ಣು ಬಿಟ್ಟದ್ದು ನೀನು ಹುಟ್ಟಿದ ದಿನ ಮಾತ್ರ, ಆದ್ದರಿಂದ ನಿನ್ನ ಮಂಚವನ್ನು ಎರಡನೇ ದಿನವೇ ತಲೆಕೆಳಗು ಮಾಡಿರುತ್ತಿದ್ದೆ. ಬೆನ್ನಿಗೆ ಮರಳಿನ ಮೂಟೆ ಕಟ್ಟಿ ಗುಡ್ಡ ಹತ್ತಿಸುತ್ತೇವೆ. ವಾಂತಿ ಮಾಡಿಕೊಂಡವನು ಓಡುತ್ತಲೇ ಮಾಡಿಕೊಳ್ಳಬೇಕು, ನಿಂತರೆ ಹಿಂದಿನವನ ಬೂಟು ಅವನ ಹಿಮ್ಮಡಿಗೆ. ಮುಳ್ಳುತಂತಿಯ ಕೆಳಗೆ ತೆವಳುವಾಗ ಬೆನ್ನು ಎತ್ತಿದವನ ಬೆನ್ನ ಮೇಲೆ ನಾನೇ ಹತ್ತಿ ನಿಲ್ಲುತ್ತೇನೆ, ಅಂಗಿ ಹರಿದು ಚರ್ಮಕ್ಕೆ ಮಣ್ಣು ಹತ್ತುವವರೆಗೆ. ಬಂದೂಕಿನ ತುದಿಗೆ ಬಯೋನೆಟ್ ಸಿಕ್ಕಿಸಿ ಮೂಟೆಗೆ ಚುಚ್ಚಿಸುತ್ತೇವೆ, ಚುಚ್ಚಿ, ತಿರುಗಿಸಿ, ಕೀಳಬೇಕು, ಕಿರುಚಬೇಕು. ಕಿರುಚದೆ ಚುಚ್ಚಿದವನನ್ನು ಮೂಟೆಯ ಜಾಗದಲ್ಲಿ ನಿಲ್ಲಿಸಿ ಉಳಿದವರನ್ನು ಅವನ ಕಡೆ ಓಡಿಸುತ್ತೇವೆ, ತುದಿ ಎದೆಗೆ ಒಂದು ಗೇಣು ಇರುವಾಗ ನಿಲ್ಲಿಸುತ್ತೇವೆ. ಆಮೇಲೆ ಅವನು ಕಿರುಚುತ್ತಾನೆ.

ಇದೆಲ್ಲ ಬೇಕು ಅಂತಲೇ ನಂಬಿದ್ದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಅಜ್ಜಿ ಹೇಳುತ್ತಾಳಲ್ಲ, ನನ್ನ ಕಸುಬಿನ ಬಂಡವಾಳವೇ ಆ ಮಾತು. ದಂಡಂ ದಶಗುಣಂ ಅಂತ ನನ್ನ ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ. ನನ್ನ ಕೈಯಲ್ಲಿ ತಯಾರಾದವರು ಯುದ್ಧಕ್ಕೆ ಹೋಗಿ ಜೀವಂತ ಬಂದಿದ್ದಾರೆ, ಬಂದು ಕಾಲು ಮುಟ್ಟಿದ್ದಾರೆ, ಉಸ್ತಾದ್ ನಿಮ್ಮ ಒದೆ ಇಲ್ಲದಿದ್ದರೆ ಸತ್ತಿರುತ್ತಿದ್ದೆ ಅಂದಿದ್ದಾರೆ. ಅದೂ ಸುಳ್ಳಲ್ಲ, ಅದನ್ನೂ ನಿನಗೆ ಹೇಳಬೇಕು. ಸಿಪಾಯಿಗೆ ಯೋಚನೆ ಮಾಡಲು ಪುರಸೊತ್ತು ಇರುವುದಿಲ್ಲ, ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಾಗುವ ಮೊದಲೇ ಆಗಿಹೋಗಬೇಕು. ನಾನು ಒಳ್ಳೆಯ ಉಸ್ತಾದ ಅನ್ನಿಸಿಕೊಂಡದ್ದೇ ಅದರಲ್ಲಿ.

ನನ್ನ ಹೆಸರಿಗೇ ಅಂಟಿದ ಪಾಠವೊಂದಿದೆ, ಬಿದ್ದದ್ದನ್ನು ಎತ್ತುವ ಪಾಠ. ಸಿಪಾಯಿಯ ಕೈಯಿಂದ ಯಾವುದೂ ಬೀಳಬಾರದು, ಬಿದ್ದರೆ ಎರಡು ಎಣಿಸುವುದರೊಳಗೆ ಅದು ಮತ್ತೆ ಅವನ ಕೈಯಲ್ಲಿರಬೇಕು. ಬಂದೂಕು, ಗುಂಡಿನ ಪೆಟ್ಟಿಗೆ, ಟೋಪಿ, ನೀರಿನ ಬಾಟಲಿ, ಯಾವುದೇ ಆಗಲಿ. ಎತ್ತಿ, ಎದೆಗೆ ಹಿಡಿದು, ಹಿಮ್ಮಡಿ ಜೋಡಿಸಿ, ಗಲ್ಲ ಮೇಲೆತ್ತಿ, ತನ್ನ ನಂಬರನ್ನು ಒಂದೊಂದೇ ಅಂಕೆ ಮಾಡಿ ಕೂಗಬೇಕು. ತಡವಾದರೆ ಕತ್ತಿನ ಹಿಂದೆ ನನ್ನ ಬೆತ್ತ. ಬಾಗುವ ಮೊದಲು ನನ್ನ ಮುಖ ನೋಡಿದರೂ ಬೆತ್ತ, ಯಾಕೆಂದರೆ ನೋಡಿದವನು ಯೋಚಿಸಿದ ಅಂತ ಅರ್ಥ. ಅವರಿಗೆ ಗೊತ್ತಿಲ್ಲದೆ ಹಿಂದಿನಿಂದ ಬಂದು ಕೈಯಲ್ಲಿದ್ದದ್ದನ್ನು ನಾನೇ ತಟ್ಟಿ ಬೀಳಿಸುತ್ತಿದ್ದೆ. ಊಟದ ತಟ್ಟೆ ಬೀಳಿಸುತ್ತಿದ್ದೆ, ಹಲ್ಲುಜ್ಜುವ ಬ್ರಷ್ಷು ಬೀಳಿಸುತ್ತಿದ್ದೆ. ನಲವತ್ತು ದಿನ ಹೀಗೆ ಮಾಡಿದರೆ ಏನಾಗುತ್ತದೆ ಗೊತ್ತಾ? ತಟ್ಟೆ ನೆಲಕ್ಕೆ ಬಡಿದ ಸದ್ದು ಕೇಳಿದರೆ ಸಾಕು, ಊಟದ ಹಾಲಿನಲ್ಲಿ ನಲವತ್ತು ಬೆನ್ನೂ ಒಟ್ಟಿಗೆ ಬಾಗುತ್ತವೆ, ಬಿದ್ದದ್ದು ಯಾರದ್ದಾದರೂ ಸರಿ. ಬೇರೆ ಕಂಪನಿಯ ಉಸ್ತಾದರು ಬಂದು ನೋಡಿ ತಲೆದೂಗುತ್ತಿದ್ದರು. ನಾನು ಮೀಸೆ ಮೇಲೆ ಕೈ ಹಾಕುತ್ತಿದ್ದೆ.

ಈ ಸಲದ ತಂಡದಲ್ಲಿ ದರ್ಜಿ ಅಂತ ಒಬ್ಬನಿದ್ದ. ಸೋದರಮಾವನ ಹೊಲಿಗೆ ಅಂಗಡಿಯಲ್ಲಿ ಬೆಳೆದ ಹುಡುಗ, ಹಾಗಾಗಿ ಆ ಹೆಸರು. ಸಣಕಲು, ಉದ್ದ ಕತ್ತು, ಮಾತು ಕಡಿಮೆ. ನಲವತ್ತು ಜನರ ಹರಿದ ಅಂಗಿ, ಕಿತ್ತ ಗುಂಡಿ ಎಲ್ಲ ಅವನ ಮಂಚದ ಮೇಲೇ ಬೀಳುತ್ತಿದ್ದವು. ಊಟದ ನಂತರದ ಇಪ್ಪತ್ತು ನಿಮಿಷ ಉಳಿದವರು ಹೆಣದ ಹಾಗೆ ಮಲಗಿದರೆ ಇವನು ಕಾಲು ಮಡಚಿ ಕೂತು ಹೊಲಿಯುತ್ತಿದ್ದ. ಒಂದು ದಿನ ನನ್ನ ಅಂಗಿಯ ಎರಡನೇ ಗುಂಡಿ ಜೋತಾಡುತ್ತಿದ್ದದ್ದನ್ನು ನೋಡಿ, ಅಪ್ಪಣೆ ಕೇಳಿ, ನಾನು ಅಂಗಿ ತೊಟ್ಟಿರುವಾಗಲೇ ಹೊಲಿದುಕೊಟ್ಟ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದ. ಅವನ ತಲೆ ನನ್ನ ಎದೆಗೆ ತಾಗುವಷ್ಟು ಹತ್ತಿರ ಇತ್ತು. ಅದೇ ಮಧ್ಯಾಹ್ನ ಅವನ ಕೈಯಿಂದ ಸೂಜಿಪೆಟ್ಟಿಗೆ ಬಿದ್ದಾಗ ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡ ಅಂತ ಕತ್ತಿಗೆ ಎರಡು ಕೊಟ್ಟೆ. ಉಪಕಾರ ಬೇರೆ, ಪಾಠ ಬೇರೆ ಅಂತ ನನ್ನ ಲೆಕ್ಕ.

ಆರನೇ ವಾರ ಒಂದು ನಿಮಿಷದ ಗುದ್ದಾಟ ಇರುತ್ತದೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ ಸೀಟಿ ಊದುತ್ತೇವೆ. ಒಂದು ನಿಮಿಷ ಮುಖಕ್ಕೇ ಹೊಡೆಯಬೇಕು, ಹಿಂದೆ ಸರಿಯುವ ಹಾಗಿಲ್ಲ, ಮುಖಕ್ಕೆ ಕೈ ಅಡ್ಡ ಹಿಡಿಯುವ ಹಾಗೂ ಇಲ್ಲ. ದರ್ಜಿಯ ಪಾಲಿಗೆ ಲಾರಿ ಬಂದ. ಲಾರಿ ಅಂದರೆ ಹೆಸರೇ ಹೇಳುತ್ತದೆ, ಆಳು ಬಾಗಿಲಷ್ಟು ಅಗಲ, ಮೊದಲು ಲಾರಿಯಲ್ಲಿ ಕ್ಲೀನರ್ ಆಗಿದ್ದ. ಇಬ್ಬರೂ ಗೆಳೆಯರು. ಮೊದಲ ಹತ್ತು ಸೆಕೆಂಡು ಲಾರಿ ಕೈ ಸಡಿಲ ಬಿಟ್ಟು ಹೊಡೆದ. ನಾನು ನಿಲ್ಲಿಸಿ, ಲಾರಿಗೆ ಹೇಗೆ ಹೊಡೆಯಬೇಕು ಅಂತ ಲಾರಿಯ ಮುಖದ ಮೇಲೇ ತೋರಿಸಿಕೊಟ್ಟು, ಮತ್ತೆ ಮೊದಲಿನಿಂದ ಸೀಟಿ ಊದಿದೆ. ದರ್ಜಿಯ ಮೂಗು ಒಡೆಯಿತು, ಹುಬ್ಬು ಸೀಳಿತು, ಒಂದು ಹಲ್ಲು ಲಾರಿಯ ಮುಷ್ಟಿಯಲ್ಲಿ ನೆಟ್ಟುಕೊಂಡಿತು. ಅವನು ಬೀಳಲಿಲ್ಲ. ರಕ್ತ ನುಂಗುತ್ತಾ ಮುಂದೆ ಬರುತ್ತಲೇ ಇದ್ದ, ಲಾರಿಯ ಹಣೆಗೆ ಬಲಗೈಯಲ್ಲಿ ಹೊಡೆಯುತ್ತಲೇ ಇದ್ದ. ಆದರೆ ಹೆಬ್ಬೆರಳನ್ನು ಮುಷ್ಟಿಯ ಒಳಗೆ ಮಡಚಿಟ್ಟುಕೊಂಡಿದ್ದ. ದರ್ಜಿಗೆ ಬೆರಳೇ ಅನ್ನ, ಅದನ್ನು ಕಾಪಾಡಿಕೊಳ್ಳಲು ಒಳಗೆ ಇಟ್ಟಿದ್ದ. ಹಾಗೆ ಇಟ್ಟುಕೊಂಡು ಹೊಡೆದರೆ ಮುರಿಯುವುದು ಮೊದಲು ಅದೇ. ಅವನಿಗೆ ಗೊತ್ತಿರಲಿಲ್ಲ, ನಾನು ನೋಡಿಯೂ ಹೇಳಲಿಲ್ಲ, ನೋವೇ ಕಲಿಸುತ್ತದೆ ಅಂದುಕೊಂಡೆ. ಮಾರನೇ ದಿನ ಅವನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಆಸ್ಪತ್ರೆಗೆ ಹೋದರೆ ವಾರ ತಪ್ಪುತ್ತದೆ, ವಾರ ತಪ್ಪಿದವನನ್ನು ಮುಂದಿನ ತಂಡಕ್ಕೆ ಹಾಕಿ ಎಲ್ಲವನ್ನೂ ಮೊದಲಿನಿಂದ ಮಾಡಿಸುತ್ತೇವೆ. ಹಾಗಾಗಿ ಯಾರೂ ಹೋಗುವುದಿಲ್ಲ. ಆಗುತ್ತಾ ಅಂತ ಕೇಳಿದೆ. "ಆಗುತ್ತೆ ಉಸ್ತಾದ್" ಅಂದ. ಆಗುತ್ತೆ ಅಂದವನನ್ನು ನಾನು ಎರಡನೇ ಸಲ ಕೇಳಿದವನಲ್ಲ.

ಅದೇ ವಾರ ಗ್ರೆನೇಡು. ಮೊದಲ ಬೆಳಿಗ್ಗೆ ಮದ್ದಿಲ್ಲದ ಸುಳ್ಳು ಗ್ರೆನೇಡಿನಲ್ಲಿ ಅಭ್ಯಾಸ. ಎದೆಮಟ್ಟದ ಕಾಂಕ್ರೀಟು ಗೋಡೆ ಇರುವ ಒಂದು ಗುಂಡಿ, ಅದರಲ್ಲಿ ಉಸ್ತಾದ ಮತ್ತು ಒಬ್ಬ ಸಿಪಾಯಿ ಮಾತ್ರ. ಉಸ್ತಾದ ಎಡಗೈಯಲ್ಲಿ ಅವನ ಕಾಲರು ಹಿಡಿದಿರುತ್ತಾನೆ. ಪಿನ್ನು ಕಿತ್ತು ಎಸೆಯಬೇಕು. ಕೈ ತಪ್ಪಿ ಗ್ರೆನೇಡು ಗುಂಡಿಯೊಳಗೇ ಬಿದ್ದರೆ ಅದನ್ನು ಮುಟ್ಟಬಾರದು, ಹಾರಿ ಗೋಡೆಯ ಆಚೆ ಬೀಳಬೇಕು, ಹಾರದವನನ್ನು ಉಸ್ತಾದ ಕಾಲರು ಹಿಡಿದು ಎತ್ತಿ ಎಸೆಯಬೇಕು. ನಾಲ್ಕು ಸೆಕೆಂಡು ಇರುತ್ತದೆ. ಇದನ್ನು ನಾನು ಕಲಿಸಿದೆ, ಕಲಿಸಲಿಲ್ಲ ಅಂತಲ್ಲ. ನಲವತ್ತು ದಿನದ ಎದುರು ಒಂದು ಬೆಳಿಗ್ಗೆ ಕಲಿಸಿದೆ. ದರ್ಜಿಯ ಸರದಿ ಬಂದಾಗ ಹೆಬ್ಬೆರಳು ಮಡಚಲಾಗದೆ ಸುಳ್ಳು ಗ್ರೆನೇಡು ಕೈಯಿಂದ ಜಾರಿ ನಮ್ಮ ಕಾಲ ಬುಡದಲ್ಲೇ ಬಿತ್ತು. ಅವನು ಹೇಳಿಕೊಟ್ಟ ಹಾಗೆಯೇ ಮಾಡಿದ, ಬೆಕ್ಕಿನ ಹಾಗೆ ಹಾರಿ ಗೋಡೆ ದಾಟಿದ. ಸರಿಯಾಗಿ ಮಾಡಿದ ಕೆಲಸ ಅದು. ಆದರೆ ನನ್ನ ಕೈಗೆ ಬೇರೆ ಅಭ್ಯಾಸ ಆಗಿತ್ತು. ಏನೋ ಬಿತ್ತು, ಯಾರೂ ಎತ್ತಲಿಲ್ಲ, ನನ್ನ ಕೈ ಗೋಡೆಯ ಆಚೆ ಚಾಚಿ ಅವನ ಕತ್ತಿಗೆ ಬಾರಿಸಿಯೇ ಬಿಟ್ಟಿತು. "ಅದನ್ನ ನಿಮ್ಮಪ್ಪ ಬಂದು ಎತ್ತುತ್ತಾನೇನೋ?" ಅಂದೆ. ಅಂದ ಮೇಲೆ ನನಗೇ ತಪ್ಪು ಹೊಳೆಯಿತು, ನಕ್ಕುಬಿಟ್ಟೆ. ಸಾಲಿನಲ್ಲಿ ನಿಂತವರೂ ನಕ್ಕರು. ದರ್ಜಿ ನಗಲಿಲ್ಲ, ಗುಂಡಿಗೆ ಇಳಿದು ಅದನ್ನು ಎತ್ತಿ ಎದೆಗೆ ಹಿಡಿದು ನಂಬರು ಕೂಗಿದ. ಬೇಡಪ್ಪ, ಇದಕ್ಕೆ ಆ ಪಾಠ ಅಲ್ಲ ಅಂತ ಅವನನ್ನು ಕೂರಿಸಿ ಒಂದು ಮಾತು ಹೇಳಬಹುದಿತ್ತು. ಮುಂದಿನವನನ್ನು ಕರೆದೆ.

ಎರಡನೇ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ನಿಜವಾದದ್ದು. ಹದಿನಾಲ್ಕನೆಯವನಾಗಿ ದರ್ಜಿ ಗುಂಡಿಗೆ ಇಳಿದ. ಪಿನ್ನು ಕಿತ್ತ. ಕೈ ಹಿಂದಕ್ಕೆ ಹೋಗುತ್ತಿದ್ದ ಹಾಗೆ ಗ್ರೆನೇಡು ಜಾರಿ ನನ್ನ ಬೂಟಿನ ಪಕ್ಕ ಮರಳಿಗೆ ಬಿತ್ತು. "ಬಿಡು, ಹಾರು" ಅಂತ ಕೂಗಿ ಕಾಲರು ಜಗ್ಗಿದೆ. ಅಷ್ಟರಲ್ಲಿ ಅವನು ಬಾಗಿ ಆಗಿತ್ತು. ನಾನು ಮೇಲಕ್ಕೆ ಎಳೆಯುತ್ತಿದ್ದೇನೆ, ಅವನು ಕೆಳಕ್ಕೆ ಹೋಗುತ್ತಿದ್ದಾನೆ. ಆ ಸಣಕಲು ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಎತ್ತಿಕೊಂಡ. ಎರಡೂ ಕೈಯಲ್ಲಿ ಎದೆಗೆ ಹಿಡಿದ, ಹಿಮ್ಮಡಿ ಜೋಡಿಸಿದ, ಗಲ್ಲ ಮೇಲೆತ್ತಿದ. ಎರಡು ಎಣಿಸುವುದರೊಳಗೇ ಆಯಿತು, ಆ ತಂಡದಲ್ಲಿ ಅಷ್ಟು ಬೇಗ ಯಾರೂ ಮಾಡಿರಲಿಲ್ಲ. ಅವನ ಕಣ್ಣಲ್ಲಿ ಹೆದರಿಕೆ ಇರಲಿಲ್ಲ ಮಗನೇ. ಈ ಸಲ ಸರಿಯಾಯಿತಲ್ಲ ಅನ್ನುವ ಹಾಗೆ ನನ್ನನ್ನೇ ನೋಡಿದ. "ಮೂರು, ಸೊನ್ನೆ" ಅಂತ ನಂಬರು ಶುರು ಮಾಡಿದ. ಆಗ ನಾನು ಕಾಲರು ಬಿಟ್ಟೆ.

ಸಾಹೇಬರು ನಿಮಗೆ ಬರೆದದ್ದು ಕಾಲರು ಹರಿದು ಕೈ ತಪ್ಪಿತು ಅಂತ. ಹರಿಯಲಿಲ್ಲ. ಅವನೇ ಎರಡು ಸಲ ಹೊಲಿದುಕೊಂಡಿದ್ದ ಕಾಲರು ಅದು, ಹರಿಯುವ ಮಾಲಲ್ಲ. ನನ್ನ ಬೆರಳು ನಾನೇ ಬಿಡಿಸಿದೆ. ಅವನ ಕೈಯಿಂದ ಅದನ್ನು ಕಿತ್ತು ಎಸೆಯಲು ಹೊತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಡಾಕ್ಟರು ಇರಲಿಲ್ಲ ಅನ್ನುತ್ತಾರೆ, ನನ್ನ ಸಮಾಧಾನಕ್ಕೆ ಹೇಳುತ್ತಾರೋ ಏನೋ. ನಾನು ಪ್ರಯತ್ನ ಮಾಡಲಿಲ್ಲ, ಹಾರಿದೆ. ಗೋಡೆ ದಾಟುವಾಗ ಕೊನೆಗೆ ಉಳಿದದ್ದು ಎಡಗಾಲು, ಅದಕ್ಕೇ ಚೂರುಗಳು ಹೊಕ್ಕದ್ದು ಮೀನಖಂಡಕ್ಕೆ. ಉಸ್ತಾದನೊಬ್ಬ ಸಿಪಾಯಿಗೆ ಬೆನ್ನು ಹಾಕಿ ಓಡಿದ್ದಕ್ಕೆ ಬಿದ್ದ ಮುದ್ರೆ ಇದು, ನಿನ್ನಮ್ಮ ಬೀದಿಗೆ ತೋರಿಸಿ ಹೆಮ್ಮೆಪಡುವ ಗಾಯ ಅಲ್ಲ.

ಎದ್ದು ಗೋಡೆ ಹಿಡಿದು ಒಳಗೆ ನೋಡಿದೆ. ಮೊಣಕೈಯಿಂದ ಕೆಳಗೆ ಎರಡೂ ಕೈ ಇರಲಿಲ್ಲ. ಎದೆ ಇರಬೇಕಾದ ಕಡೆ ಅಂಗಿಯೂ ಮಾಂಸವೂ ಒಂದೇ ಆಗಿತ್ತು. ಮುಖಕ್ಕೆ ಹೆಚ್ಚು ಏನೂ ಆಗಿರಲಿಲ್ಲ, ಲಾರಿ ಸೀಳಿದ ಹುಬ್ಬಿನ ಮೇಲಿನ ಹಕ್ಕಳೆ ಹಾಗೇ ಇತ್ತು. ಬಾಯಿ ಒಂದೆರಡು ಸಲ ಆಡಿತು, ಉಳಿದ ಅಂಕೆಗಳನ್ನು ಹೇಳುತ್ತಿದ್ದನೋ ಏನೋ, ನನ್ನ ಕಿವಿ ಆಗ ಕೇಳುತ್ತಿರಲಿಲ್ಲ. ಸಾಲಿನಲ್ಲಿ ಹಿಂದೆ ಇದ್ದವರು ಅಪ್ಪಣೆ ಇಲ್ಲದೆ ಓಡಿ ಬಂದರು. ಗುಂಡಿಯ ಸುತ್ತ ಚೆಲ್ಲಿದ್ದದ್ದನ್ನು ನೋಡಿ ಎಲ್ಲರೂ ಬಾಗಿದರು. ನಲವತ್ತು ದಿನದ ಪಾಠ. ಲಾರಿ ಒಂದು ಬೂಟು ಎತ್ತಿಕೊಂಡ, ಅದು ಖಾಲಿ ಇರಲಿಲ್ಲ, ಎದೆಗೆ ಹಿಡಿದು ನೆಟ್ಟಗೆ ನಿಂತು ತನ್ನ ನಂಬರು ಕೂಗತೊಡಗಿದ. ಕೂಗುತ್ತಲೇ ಇದ್ದ. ಸಾಹೇಬರು ಬಂದು ಕೆನ್ನೆಗೆ ಹೊಡೆದ ಮೇಲೇ ನಿಲ್ಲಿಸಿದ್ದು, ಆಮೇಲೂ ಬೂಟು ಬಿಡಲಿಲ್ಲ. ಬೆರಳುಗಳನ್ನು ಇಬ್ಬರು ಸೇರಿ ಬಿಡಿಸಬೇಕಾಯಿತು. ಅವನು ಈಗ ಇದೇ ಆಸ್ಪತ್ರೆಯ ಮಹಡಿಯ ಮೇಲೆ ಇದ್ದಾನೆ, ಅವನ ಕೋಣೆಯಲ್ಲಿ ಚಮಚ ಬಿದ್ದರೂ ಕೂಗು ಇಲ್ಲಿಗೆ ಕೇಳುತ್ತದೆ.

ಸಾಹೇಬರು ಮಾರನೇ ದಿನ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕೆಟ್ಟ ಮನುಷ್ಯ ಅಲ್ಲ. ವಿಚಾರಣೆಗೆ ಹೇಳಿಕೆ ತಯಾರಾಗಿದೆ, ಓದಿ ರುಜು ಮಾಡಿ ಅಂದರು. ಸಿಪಾಯಿ ಗಾಬರಿಗೊಂಡು ಸ್ತಬ್ಧನಾದ, ಉಸ್ತಾದ ಎಳೆಯಲು ಯತ್ನಿಸಿದಾಗ ಕಾಲರು ಹರಿಯಿತು ಅಂತ ಅದರಲ್ಲಿತ್ತು. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ, ಅವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ. ಇದರಿಂದ ಯಾರಿಗೂ ನಷ್ಟ ಇಲ್ಲ, ನಿಮ್ಮ ಹನ್ನೊಂದು ವರ್ಷದ ಹೆಸರು ಉಳಿಯುತ್ತದೆ, ಪಾಠ ಮುಂದುವರಿಯುತ್ತದೆ ಅಂದರು. ಪಾಠ ಮುಂದುವರಿಯುತ್ತದೆ ಅನ್ನುವ ಮಾತು ಆಗ ನನಗೆ ತಾಗಲಿಲ್ಲ. ಸಂಜೆಯವರೆಗೆ ಟೈಮು ಕೊಡಿ ಅಂದೆ.

ಸಂಜೆಗೆ ಮೊದಲು ದರ್ಜಿಯ ಸೋದರಮಾವ ಬಂದರು. ಅರವತ್ತರ ಆಸುಪಾಸು, ಅಂಗಿಯ ಜೇಬಿನಲ್ಲಿ ಅಳತೆಯ ಟೇಪು ಸುತ್ತಿಟ್ಟುಕೊಂಡೇ ಬಂದಿದ್ದರು, ಸುದ್ದಿ ಬಂದಾಗ ಅಂಗಡಿಯಲ್ಲಿದ್ದವರು ಹಾಗೇ ಬಸ್ಸು ಹತ್ತಿದ್ದಿರಬೇಕು. ಅಳಲಿಲ್ಲ. ನನ್ನ ಮಂಚದ ತುದಿಯಲ್ಲಿ ನಿಂತು ಕಾಲು ಹೇಗಿದೆ ಅಂತ ನನ್ನನ್ನೇ ವಿಚಾರಿಸಿದರು. ಆಮೇಲೆ ಗೋಡೆಗೆ ನೇತುಹಾಕಿದ್ದ ನನ್ನ ಅಂಗಿಯ ಹತ್ತಿರ ಹೋಗಿ ಎರಡನೇ ಗುಂಡಿಯನ್ನು ಹಿಡಿದು ನೋಡಿದರು. ಉಳಿದ ಗುಂಡಿಗಳು ಮಿಷನ್ನಿನ ಹೊಲಿಗೆ, ಇದೊಂದಕ್ಕೆ ಬುಡದಲ್ಲಿ ದಾರ ಸುತ್ತಿ ಗಂಟು ಒಳಗೆ ಮುಚ್ಚಿತ್ತು. "ಇದು ನಮ್ಮ ಹುಡುಗನ ಕೈ" ಅಂದರು. ನನ್ನ ಕಡೆ ತಿರುಗದೆಯೇ ಕೇಳಿದರು, "ಹೆದರಿಬಿಟ್ಟನಂತೆ, ಹೌದಾ?" ಆಫೀಸಿನಲ್ಲಿ ಅವರಿಗೆ ಹಾಗೆ ಹೇಳಿದ್ದರು. ನನ್ನನ್ನು ಕೇಳಿದ್ದು ನನ್ನ ಬಾಯಿಂದ ಇಲ್ಲ ಅನ್ನುವ ಮಾತು ಕೇಳಲು. ಚಿಕ್ಕಂದಿನಿಂದ ಸಾಕಿದವರು, ಅವನು ಎಂಥವನು ಅಂತ ಅವರಿಗೆ ಗೊತ್ತಿತ್ತು. ನಾನು ಹೌದು ಅಂದೆ. ಹೆದರಿದ ಅಂದೆ. ಅವರು ತಲೆ ಆಡಿಸಿದರು, ಹುಡುಗನ ಪರವಾಗಿ ನನ್ನ ಹತ್ತಿರ ಕ್ಷಮೆ ಕೇಳಿದರು. ನಿಮ್ಮ ಕಾಲಿಗೂ ಹೀಗಾಯಿತಲ್ಲ ಅಂದರು. ದೊಡ್ಡೋನೆ, ನಿಮ್ಮಪ್ಪ ಬದುಕಿನಲ್ಲಿ ನೂರಾರು ಹುಡುಗರನ್ನು ಹೊಡೆದಿದ್ದಾನೆ, ಯಾವ ಏಟಿಗೂ ನಾಚಿದವನಲ್ಲ. ಆ ಮುದುಕ ನನ್ನ ಹತ್ತಿರ ಕ್ಷಮೆ ಕೇಳಿ ಹೋದ ಮೇಲೆ ಗೋಡೆಯ ಕಡೆ ತಿರುಗಿ ಬಾಯಿಗೆ ಹೊದಿಕೆ ತುರುಕಿಕೊಂಡು ಅತ್ತೆ.

ಸಾಹೇಬರ ಹೇಳಿಕೆಗೆ ರುಜು ಹಾಕಲಿಲ್ಲ. ಬೇರೆ ಕಾಗದ ತರಿಸಿ ನಡೆದದ್ದನ್ನು ನಡೆದ ಹಾಗೆ ಬರೆದೆ, ಹೆಬ್ಬೆರಳು, ಹಿಂದಿನ ದಿನದ ಕತ್ತಿನೇಟು, ನಲವತ್ತು ದಿನದ ಪಾಠ, ಬಿಟ್ಟ ಕಾಲರು, ಒಂದನ್ನೂ ಬಿಡಲಿಲ್ಲ. ನಾಳೆ ಸೋಮವಾರ ವಿಚಾರಣೆ. ನಾನು ಬರೆದದ್ದನ್ನು ಓದಿ ಸಾಹೇಬರ ಮುಖ ಕಪ್ಪಿಟ್ಟಿತು. ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನದೆಯೇ ಹೆಗಲು ಮುಟ್ಟಿಕೊಳ್ಳುತ್ತೀರಲ್ಲ ಅಂದರು. ನನ್ನ ತೋಳಿನ ಪಟ್ಟಿ ಕೀಳಬಹುದು, ಮನೆಗೆ ಕಳಿಸಬಹುದು, ಜೈಲೂ ಆಗಬಹುದು. ಮಾಡಿದ್ದುಣ್ಣೋ ಮಹಾರಾಯ. ನನ್ನ ಹೇಳಿಕೆಯ ಒಂದು ಪ್ರತಿಯನ್ನು ಹೊಲಿಗೆ ಅಂಗಡಿಯ ವಿಳಾಸಕ್ಕೂ ಕಳಿಸಿದ್ದೇನೆ, ನಿಮ್ಮ ಹುಡುಗ ಹೆದರಲಿಲ್ಲ, ನಾನು ಹೆದರಿದೆ, ಎದುರಿಗೆ ಹೇಳುವ ಧೈರ್ಯ ಇರಲಿಲ್ಲ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ. ಅವರು ಬಂದು ನನ್ನ ಮುಖಕ್ಕೆ ಉಗಿದರೆ ಒರೆಸಿಕೊಳ್ಳುವುದಿಲ್ಲ.

ಇಷ್ಟು ಓದಿದ ಮೇಲೂ ನಿನಗೆ ಸೈನ್ಯ ಬೇಕು ಅನ್ನಿಸಿದರೆ ಅದು ಅಪ್ಪನ ಹಾಗೆ ಆಗಲು ಬೇಡ. ಬೇರೆ ಏನಾದರೂ ಕಾರಣ ಹುಡುಕಿಕೋ, ಒಳ್ಳೆಯ ಕಾರಣಗಳೂ ಇವೆ, ಒಳ್ಳೆಯ ಉಸ್ತಾದರೂ ಇದ್ದಾರೆ. ನಿನ್ನಮ್ಮನಿಗೆ ಇದನ್ನು ನೀನು ಓದಬೇಡ, ನಾನೇ ಬಂದು ಹೇಳುತ್ತೇನೆ, ಅವಳು ಎರಡು ದಿನ ಮಾತು ಬಿಡುತ್ತಾಳೆ, ಬಿಡಲಿ. ಅಜ್ಜಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿಗೆ ಮುತ್ತು, ಇಳಿಜಾರಿನಲ್ಲಿ ಬ್ರೇಕು ಹಿಡಿಯಲು ಹೇಳು. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿನ್ನ ತಲೆ ನಿನ್ನದಾಗಿಯೇ ಇರಲಿ.

ನಿನ್ನ
ಅಪ್ಪ

ತಾ.ಕ.: ಟಪಾಲು ಒಯ್ಯುವವನು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅರ್ಜಿಗೆ ಸಹಿ ಹಾಕಿಲ್ಲ. ಕಾರಣ ಮೇಲಿನದು ಯಾವುದೂ ಅಲ್ಲ, ಇದು. ನೀನು ನಾಲ್ಕು ವರ್ಷದವನಿದ್ದಾಗ ರಜೆಗೆ ಬಂದಿದ್ದೆ. ನಿನ್ನ ಕೈಯಿಂದ ಹಾಲಿನ ಲೋಟ ಬಿತ್ತು, ನಿನ್ನ ಕತ್ತಿನ ಹಿಂದೆ ಒಂದು ಕೊಟ್ಟೆ. ಮಾರನೇ ದಿನ ಬೇಕೆಂದೇ ನಾನೇ ಬೀಳಿಸಿದೆ, ಮತ್ತೆ ಕೊಟ್ಟೆ. ರಜೆ ಮುಗಿಯುವಷ್ಟರಲ್ಲಿ ಲೋಟ ಉರುಳುವುದು ನಿಲ್ಲುವ ಮೊದಲೇ ನೀನು ಅದನ್ನು ಎತ್ತಿ ಎದೆಗೆ ಹಿಡಿದುಕೊಳ್ಳುತ್ತಿದ್ದೆ. ನಿನ್ನಮ್ಮ ಒಳಗೆ ಹೋಗಿ ಅತ್ತಳು, ನಾನು ಡ್ಯೂಟಿಗೆ ವಾಪಸು ಹೋಗಿ ಎಲ್ಲರ ಹತ್ತಿರ ಜಂಬ ಕೊಚ್ಚಿಕೊಂಡೆ. ಆ ಪಾಠ ಈ ಮೈದಾನದಲ್ಲಿ ಹುಟ್ಟಿದ್ದಲ್ಲ, ನಮ್ಮ ಅಡುಗೆಮನೆಯಲ್ಲಿ ಹುಟ್ಟಿದ್ದು, ಮೊದಲು ಕಲಿತವನು ನೀನು. ಹೋದ ಸಲ ಬಂದಾಗಲೂ ನೋಡಿದ್ದೇನೆ, ಪುಟ್ಟಿಯ ಪೆನ್ನು ಬಿದ್ದರೂ ನೀನು ಬಾಗುತ್ತೀಯ, ನಿನಗೇ ಗೊತ್ತಾಗುವುದಿಲ್ಲ. ಅರ್ಜಿ ನನ್ನ ಹತ್ತಿರವೇ ಇದೆ. ಮೂವತ್ತರೊಳಗೆ ನನ್ನನ್ನು ಬಂದು ನೋಡು, ನಾಳೆಯ ವಿಚಾರಣೆ ಏನೇ ಆಗಲಿ. ನನ್ನೆದುರು ಒಂದು ಲೋಟ ಬೀಳಿಸು, ಬಾಗದೆ ನಿಂತು ನಾಲ್ಕು ಎಣಿಸು, ಬೆನ್ನು ತಿರುಗಿಸಿ ಆಚೆ ನಡೆ. ಅಷ್ಟು ಮಾಡಿದರೆ ಅಲ್ಲೇ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಮನೆಯಲ್ಲಿ ಏನು ಬಿದ್ದರೂ ಬಿಡು ಮಗನೇ, ಒಡೆದರೂ ಬಿಡು, ಚೆಲ್ಲಿದರೂ ಬಿಡು. ಅಮ್ಮ ಬೈದರೆ ಅಪ್ಪ ಹೇಳಿದ್ದಾರೆ ಅನ್ನು.